ಅವಳಿ ಕೂಸುಗಳೂ ಹುಬ್ಬಳ್ಳಿ ದಾರಿಯೂ

ಶಿರಸಿ ಪೇಟೆ ದಾಟಿ ಹುಬ್ಬಳ್ಳಿ ರಸ್ತೆ ಹಿಡಿದರೆ ಸ್ವಲ್ಪ ಹೊತ್ತಿಗೆಲ್ಲ ಇಸಳೂರು. ಅಲ್ಲಿಂದ ಎಕ್ಕಂಬಿ, ಮಳಗಿ ದಾಟಿ ಹುಬ್ಬಳ್ಳಿ ಮುಟ್ಟುವ ಹೊತ್ತಿಗೆ ಶಿರಸಿಯಿಂದ ನೂರು ಕಿಲೋಮೀಟರ್ ಆಸುಪಾಸು ಆಗಿರುತ್ತದೆ. ಮದುವೆಯಾಗಿ ಐದಾರು ವರ್ಷ ಕಳೆದರೂ ಮಕ್ಕಳಾಗದ ನಮ್ಮ ಕಡೆಯ ದಂಪತಿಗೆ ಈ ರಸ್ತೆಯ ಒಂದೊಂದು ತಿರುವೂ ಪರಿಚಿತ. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿ ಬಸ್ಸಿಗೆ ಬರುತ್ತಾರೆ. ಕೈಚೀಲದೊಳಗೆ ರಿಪೋರ್ಟುಗಳ ಫೈಲು ಇರುತ್ತದೆ. ಅಕ್ಕಪಕ್ಕದವರು ಕೇಳಿದರೆ ‘ಬಟ್ಟೆ ತರಲು ಹೋಗಿದ್ದರು’ ಎಂದು ಅತ್ತೆಯವರೇ ಉತ್ತರ ಕೊಟ್ಟು ಮುಗಿಸುತ್ತಾರೆ. ಚಿಕಿತ್ಸೆ ಫಲಿಸಿ, ಸ್ಕ್ಯಾನಿಂಗ್‌ನಲ್ಲಿ ಎರಡು ಎದೆಬಡಿತ ಕಂಡು, ಮನೆಯವರೆಲ್ಲ ಸಂಭ್ರಮಪಟ್ಟ ಕೆಲವೇ ತಿಂಗಳಿಗೆ ಅದೇ ರಸ್ತೆಯಲ್ಲಿ ಇನ್ನೊಂದು ಪ್ರಯಾಣ ಬರಬಹುದು. ಅದು ಆಂಬುಲೆನ್ಸಿನದ್ದು, ಸಾಮಾನ್ಯವಾಗಿ ಅಪರಾತ್ರಿಯದ್ದು.

ಈ ಎರಡನೆಯ ಪ್ರಯಾಣ ದುರದೃಷ್ಟದಿಂದ ಬಂತೆಂದು ನಾವು ಹೇಳಿಬಿಡುತ್ತೇವೆ. ಎಷ್ಟೋ ಸಲ ಅದು ಮೊದಲಿನ ಪ್ರಯಾಣಗಳಲ್ಲೊಂದು ದಿನ ಆಸ್ಪತ್ರೆಯ ಟೇಬಲ್ಲಿನ ಮೇಲೆ ನಿರ್ಧಾರವಾಗಿರುತ್ತದೆ: ಐವಿಎಫ್‌ನಲ್ಲಿ (ಪ್ರನಾಳ ಶಿಶು ಚಿಕಿತ್ಸೆಯಲ್ಲಿ) ಎಷ್ಟು ಭ್ರೂಣ ಹಾಕಬೇಕು ಎಂಬ ಪ್ರಶ್ನೆಗೆ ದಂಪತಿ ‘ಎರಡು’ ಎಂದ ದಿನ.

ಲೆಕ್ಕ ಸರಳವಾಗಿದೆ. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಬಸಿರು ತುಂಬಲು 40 ವಾರ ಬೇಕು. 37 ವಾರಕ್ಕೆ ಮೊದಲು ಹುಟ್ಟಿದ್ದು ದಿನ ತುಂಬದ ಕೂಸು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2020ರಲ್ಲಿ ಜಗತ್ತಿನಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಹೀಗೆ ಹುಟ್ಟಿದರು. ಅಂದರೆ ಹತ್ತರಲ್ಲಿ ಒಂದು. ಅದರಲ್ಲಿ ಸುಮಾರು 30 ಲಕ್ಷ ಭಾರತದ್ದೇ, ಬೇರೆ ಯಾವ ದೇಶದಲ್ಲೂ ಅಷ್ಟಿಲ್ಲ. ಹೊಟ್ಟೆಯಲ್ಲಿ ಒಂದೇ ಮಗುವಿದ್ದರೆ ಹತ್ತರಲ್ಲಿ ಒಂದಕ್ಕಿಂತ ಕಡಿಮೆ ಇರುವ ಈ ಸಾಧ್ಯತೆ, ಎರಡಿದ್ದಾಗ ಅರ್ಧವನ್ನೂ ಮೀರುತ್ತದೆ. ಬ್ರಿಟನ್ನಿನ ಆರೋಗ್ಯ ಮಾರ್ಗಸೂಚಿಯೇ ಅವಳಿ ಬಸಿರಿನ ನೂರು ಹೆಂಗಸರಲ್ಲಿ ಸುಮಾರು 60 ಮಂದಿಗೆ 37 ವಾರಕ್ಕೆ ಮೊದಲೇ ತಾನಾಗಿ ಹೆರಿಗೆಯಾಗುತ್ತದೆ ಎಂದು ಹೇಳಿಬಿಟ್ಟಿದೆ. ಅವಳಿಗಳು ಹುಟ್ಟುವ ಸರಾಸರಿ ಸಮಯ 35 ವಾರ. ತ್ರಿವಳಿಗಳಿಗೆ 32. ಅವಳಿಗಳಲ್ಲಿ ಹತ್ತರಲ್ಲೊಂದರಷ್ಟು 32 ವಾರವನ್ನೂ ಕಾಣದೆ ಹುಟ್ಟುತ್ತವೆ. ಉಸಿರಾಟದ ಯಂತ್ರ, ವಾರಗಟ್ಟಲೆ ಎನ್‌ಐಸಿಯು (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ವಾಸ ಎಲ್ಲ ಮುಖ್ಯವಾಗಿ ಇವುಗಳ ಪಾಲಿಗೆ ಬರುವುದು.

ಕಾರಣ ಒಂದೇ ಅಲ್ಲ. ಎರಡು ಕೂಸು, ಎರಡು ಜರಾಯು, ಹೆಚ್ಚು ನೀರು ಸೇರಿ ಗರ್ಭಕೋಶ ಏಳನೇ ತಿಂಗಳಿಗೇ ಒಂಬತ್ತರಷ್ಟು ಹಿಗ್ಗಿರುತ್ತದೆ. ಹಿಗ್ಗಿದ ಸ್ನಾಯು ಬೇಗ ನೋವು ತರಿಸುತ್ತದೆ, ಗರ್ಭಕಂಠ ಗಿಡ್ಡವಾಗುತ್ತ ಬರುತ್ತದೆ, ನೀರಿನ ಚೀಲ ಬೇಗ ಒಡೆಯುತ್ತದೆ. ಇನ್ನು ಕೆಲವು ಹೆರಿಗೆಗಳನ್ನು ವೈದ್ಯರೇ ಬೇಗ ಮಾಡಿಸಬೇಕಾಗುತ್ತದೆ. ಅವಳಿ ಬಸಿರಿನಲ್ಲಿ ತಾಯಿಗೆ ರಕ್ತದೊತ್ತಡ ಏರುವ ಅಪಾಯ ಎರಡು ಮೂರು ಪಟ್ಟು. ಒಂದು ಮಗು ಬೆಳೆದು ಇನ್ನೊಂದು ಹಿಂದೆ ಬೀಳುವುದೂ ಇದೆ. ಒಳಗಿರುವುದೇ ಅಪಾಯ ಎಂದಾದಾಗ ಹೊರಗೆ ತೆಗೆಯದೆ ಗತಿಯಿಲ್ಲ.

ಇಷ್ಟಿದ್ದೂ ಅವಳಿ ಎಂದರೆ ನಮಗೆ ಖುಷಿ. ‘ಎರಡೂ ಒಂದೇ ಸಲಕ್ಕೆ ಆಗೋತು ಅಂದ್ರೆ ಚೊಲೋನೇ ಆತಲ’ ಎನ್ನುವ ಮಾತನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರದ ಯಾವ ಮನೆಯ ಜಗಲಿಯಲ್ಲಿ ಕೂತರೂ ಕೇಳಬಹುದು. ಇದರ ಹಿಂದೆ ಒಂದು ಹಣಕಾಸಿನ ತರ್ಕವಿದೆ, ಅದನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. ಐವಿಎಫ್‌ನ ಒಂದು ಸುತ್ತಿಗೆ ಲಕ್ಷದ ಮೇಲೆ ಬೇಕು. ಆಯುಷ್ಮಾನ್ ಕಾರ್ಡಿನಲ್ಲಿ ಬಂಜೆತನದ ಚಿಕಿತ್ಸೆ ಬರುವುದಿಲ್ಲ. ಚಾಲಿ ಅಡಿಕೆ ಮಾರಿದ ದುಡ್ಡು, ಅದು ಸಾಲದಿದ್ದರೆ ಸೊಸೈಟಿಯ ಸಾಲ, ಅದೂ ಮುಗಿದರೆ ಹೆಂಡತಿಯ ಬಂಗಾರ. ಇಷ್ಟೆಲ್ಲ ಸುರಿದ ಮೇಲೆ ಒಂದೇ ಖರ್ಚಿನಲ್ಲಿ ಎರಡು ಮಕ್ಕಳಾದರೆ ಲಾಭವಲ್ಲವೇ? ಮದುವೆಯೇ ತಡವಾದ ಮನೆಗಳಲ್ಲಂತೂ ‘ಮತ್ತೊಮ್ಮೆ ಆಗುತ್ತದೋ ಇಲ್ಲವೋ’ ಎಂಬ ಆತಂಕವೂ ಸೇರಿಕೊಳ್ಳುತ್ತದೆ. ಈ ಲೆಕ್ಕದಲ್ಲಿ ಎನ್‌ಐಸಿಯು ಬಿಲ್ಲನ್ನು ಮಾತ್ರ ಯಾರೂ ಬರೆದಿರುವುದಿಲ್ಲ. 30 ವಾರಕ್ಕೆ ಹುಟ್ಟಿದ ಎರಡು ಕೂಸುಗಳು ಒಂದೂವರೆ ತಿಂಗಳು ಖಾಸಗಿ ಎನ್‌ಐಸಿಯುದಲ್ಲಿ ಇದ್ದರೆ ಬರುವ ಮೊತ್ತದಲ್ಲಿ ಇನ್ನೊಂದು ಸುತ್ತು ಐವಿಎಫ್ ಆರಾಮಾಗಿ ಮಾಡಿಸಬಹುದಿತ್ತು. ಮಿದುಳಿನ ಪಾರ್ಶ್ವವಾಯುವಿನ (ಸೆರೆಬ್ರಲ್ ಪಾಲ್ಸಿಯ) ಅಪಾಯ ಅವಳಿಗಳಿಗೆ ಒಂಟಿ ಮಗುವಿಗಿಂತ ಸುಮಾರು ನಾಲ್ಕು ಪಟ್ಟು ಎಂಬುದಂತೂ ರೂಪಾಯಿಯಲ್ಲಿ ಬರೆಯುವಂಥದ್ದೇ ಅಲ್ಲ.

ಅವಳಿ ಎಂದ ಕೂಡಲೇ ಎಲ್ಲರ ಮನಸ್ಸಿಗೆ ಬರುವುದು ಐವಿಎಫ್. ಅದಕ್ಕಿಂತ ಅಗ್ಗದ, ಹತ್ತಿರದ ದಾರಿಯಲ್ಲೂ ಅವಳಿ ಬರುತ್ತದೆ. ಅಂಡಾಶಯ ತಿಂಗಳಿಗೆ ಸಾಮಾನ್ಯವಾಗಿ ಒಂದೇ ಅಂಡವನ್ನು ಬಲಿಸುತ್ತದೆ. ಕ್ಲೋಮಿಫೀನ್, ಲೆಟ್ರೊಜೋಲ್ ಮಾತ್ರೆಗಳೂ ಹಾರ್ಮೋನ್ ಇಂಜೆಕ್ಷನ್ನುಗಳೂ ಅದನ್ನು ಉತ್ತೇಜಿಸಿದಾಗ ಎರಡು, ಮೂರು, ಕೆಲವೊಮ್ಮೆ ಐದು ಅಂಡಗಳೂ ಒಟ್ಟಿಗೆ ಬಲಿಯುತ್ತವೆ. ಐವಿಎಫ್‌ನಲ್ಲಾದರೆ ಎಷ್ಟು ಭ್ರೂಣ ಒಳಗೆ ಹೋಗಬೇಕು ಎಂದು ಎಣಿಸಿ ಹಾಕಬಹುದು. ಇಲ್ಲಿ ಎಣಿಕೆ ನಮ್ಮ ಕೈಯಲ್ಲಿಲ್ಲ. ಅಮೆರಿಕದಲ್ಲಿ ಕಾರಣ ಗೊತ್ತಾಗದ ಬಂಜೆತನವಿದ್ದ 900 ದಂಪತಿಯ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಜೆಕ್ಷನ್ ಪಡೆದು ಗರ್ಭ ಧರಿಸಿದವರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಒಂದಕ್ಕಿಂತ ಹೆಚ್ಚು ಮಗು ಇತ್ತು. ಮಾತ್ರೆಗಳಲ್ಲಿ ಅದು ನೂರಕ್ಕೆ ಹತ್ತರ ಆಚೀಚೆ. ಇದಕ್ಕಾಗಿಯೇ ಮಾತ್ರೆ ಶುರುಮಾಡಿದ ಮೇಲೆ ಎರಡು ಮೂರು ಬಾರಿ ಸ್ಕ್ಯಾನ್ ಮಾಡಿ ಅಂಡದ ಎಷ್ಟು ಚೀಲ (ಫಾಲಿಕಲ್) ಬೆಳೆದಿದೆ ಎಂದು ನೋಡಬೇಕು. ಮೂರೋ ನಾಲ್ಕೋ ಬೆಳೆದಿದ್ದರೆ ಒಳ್ಳೆಯ ವೈದ್ಯರು ಆ ತಿಂಗಳು ಬಿಟ್ಟುಬಿಡಿ ಎನ್ನುತ್ತಾರೆ. ಅಂಥ ವೈದ್ಯರ ಮೇಲೆ ದಂಪತಿಗೆ ಸಿಟ್ಟು ಬರುವುದು ಸಹಜ, ಆದರೆ ನಂಬಬೇಕಾದವರು ಅವರೇ. ಯಾರದ್ದೋ ಚೀಟಿಯ ಆಧಾರದಲ್ಲಿ ಔಷಧ ಅಂಗಡಿಯಿಂದ ಮಾತ್ರೆ ತಂದು ಸ್ಕ್ಯಾನ್ ಇಲ್ಲದೆ ನುಂಗುವ ರೂಢಿ ನಮ್ಮಲ್ಲಿ ಇನ್ನೂ ಹೋಗಿಲ್ಲ.  

ಈಗ ಭ್ರೂಣದ ಲೆಕ್ಕಕ್ಕೆ ಬರೋಣ. ಎರಡು ಭ್ರೂಣ ಹಾಕಿದರೆ ಮಗುವಾಗುವ ಸಾಧ್ಯತೆ ಎರಡು ಪಟ್ಟಾಗುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಸ್ವೀಡನ್ನಿನ ಥುರಿನ್ ಮತ್ತು ಸಂಗಡಿಗರು 36 ವರ್ಷದೊಳಗಿನ 661 ಮಹಿಳೆಯರನ್ನು ಎರಡು ಗುಂಪು ಮಾಡಿ ಇದನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಎರಡು ಭ್ರೂಣ ಒಟ್ಟಿಗೆ. ಇನ್ನೊಂದಕ್ಕೆ ಮೊದಲು ಒಂದೇ ಭ್ರೂಣ. ಅದು ನಿಲ್ಲದಿದ್ದರೆ ಶೈತ್ಯದಲ್ಲಿಟ್ಟ ಇನ್ನೊಂದು, ನಂತರದ ತಿಂಗಳಲ್ಲಿ. ಮೊದಲ ಗುಂಪಿನಲ್ಲಿ ನೂರಕ್ಕೆ 43 ಮಂದಿಗೆ ಮಗುವಾಯಿತು, ಎರಡನೆಯದರಲ್ಲಿ 39. ವ್ಯತ್ಯಾಸ ನಾಲ್ಕು. ಆದರೆ ಹೆತ್ತವರಲ್ಲಿ ಅವಳಿಯಾದದ್ದು ಮೊದಲ ಗುಂಪಿನಲ್ಲಿ ನೂರಕ್ಕೆ 33, ಎರಡನೆಯದರಲ್ಲಿ ಒಂದಕ್ಕಿಂತ ಕಡಿಮೆ. ಸ್ವೀಡನ್ ಅದಾಗಲೇ 2003ರಲ್ಲಿ ಸಾಮಾನ್ಯವಾಗಿ ಒಂದೇ ಭ್ರೂಣ ಎಂಬ ನಿಯಮ ತಂದಿತ್ತು. ಮಗುವಾಗುವವರ ಪ್ರಮಾಣ ಕುಸಿಯದೆಯೇ ಅಲ್ಲಿ ಐವಿಎಫ್ ಅವಳಿಗಳು ನೂರಕ್ಕೆ ಐದರ ಹತ್ತಿರಕ್ಕೆ ಇಳಿದವು. ಬ್ರಿಟನ್ನಿನಲ್ಲಿ 2008ರ ಆಸುಪಾಸಿಗೆ ಐವಿಎಫ್ ಹೆರಿಗೆಗಳಲ್ಲಿ ನೂರಕ್ಕೆ 24 ಬಹುಶಿಶುವಿನವಾಗಿದ್ದವು. ನಿಯಂತ್ರಣ ಸಂಸ್ಥೆ ಕ್ಲಿನಿಕ್ಕುಗಳ ಬೆನ್ನು ಬಿದ್ದ ಮೇಲೆ 2019ಕ್ಕೆ 6ಕ್ಕೆ ಬಂತು.

ನಮ್ಮಲ್ಲಿ 2005ರ ಐಸಿಎಂಆರ್ ಮಾರ್ಗಸೂಚಿ ಮೂರು ಭ್ರೂಣಗಳ ಮಿತಿ ಹಾಕಿತ್ತು. 2021ರಲ್ಲಿ ಸಹಾಯಕ ಸಂತಾನೋತ್ಪತ್ತಿ ಕಾಯ್ದೆಯೂ ಬಾಡಿಗೆ ತಾಯ್ತನ ಕಾಯ್ದೆಯೂ ಬಂದು, 2022ರ ಜನವರಿ 25ರಿಂದ ಜಾರಿಗೊಂಡವು. ಬಾಡಿಗೆ ತಾಯ್ತನದ ನಿಯಮದಲ್ಲಿ ಒಂದು ಸುತ್ತಿಗೆ ಒಂದೇ ಭ್ರೂಣ, ವಿಶೇಷ ಸಂದರ್ಭದಲ್ಲಿ ಮಾತ್ರ ಮೂರರ ತನಕ ಎಂದಿದೆ. ಅದೇ ವಿವೇಕವನ್ನು ಸ್ವಂತ ಗರ್ಭಕ್ಕೂ ಕೇಳಿ ಪಡೆಯುವುದರಲ್ಲಿ ಸಂಕೋಚವೇಕೆ? ಕಾಯ್ದೆ ಭ್ರೂಣಗಳನ್ನು ಹತ್ತು ವರ್ಷದ ತನಕ ಶೈತ್ಯದಲ್ಲಿಡಲು ಅವಕಾಶ ಕೊಟ್ಟಿದೆ. ಎರಡು ಮಕ್ಕಳು ಬೇಕೆನ್ನುವವರು ಎರಡನ್ನೂ ಹೆರಬಹುದು, ಎರಡು ಮೂರು ವರ್ಷ ಬಿಟ್ಟು. ಅಂಡ ತೆಗೆದಾಗಿನ ತಾಯಿಯ ವಯಸ್ಸೇ ಭ್ರೂಣದ ವಯಸ್ಸು. ಶೈತ್ಯದಲ್ಲಿದ್ದ ವರ್ಷಗಳಿಗೆ ಅದು ಮುದಿಯಾಗುವುದಿಲ್ಲ. ಶೈತ್ಯದಲ್ಲಿಡಲು ವರ್ಷಕ್ಕೆ ಇಷ್ಟು ಎಂದು ಶುಲ್ಕವಿದೆ ಎಂಬುದು ನಿಜ. ಎನ್‌ಐಸಿಯುದ ಕೆಲವು ದಿನಗಳ ಖರ್ಚಿನ ಮುಂದೆ ಅದು ದೊಡ್ಡದಲ್ಲ.

ಎಲ್ಲರಿಗೂ ಒಂದೇ ಎಂದು ಹಟ ಹಿಡಿಯುವಂತೆಯೂ ಇಲ್ಲ. 40ರ ಹತ್ತಿರದ ಮಹಿಳೆ, ಸ್ವಂತ ಅಂಡ, ಎರಡು ಮೂರು ಬಾರಿ ವಿಫಲವಾದ ಚಿಕಿತ್ಸೆ, ಗುಣಮಟ್ಟ ಸಾಲದ ಭ್ರೂಣ ಇಂಥಲ್ಲಿ ಎರಡು ಹಾಕುವುದಕ್ಕೆ ಅರ್ಥವಿದೆ. ಆದರೆ 45ರ ಮಹಿಳೆಗೆ ದಾನಿಯ ಅಂಡ ಬಳಸುವಾಗ ‘ವಯಸ್ಸಾಗಿದೆ, ಎರಡು ಹಾಕಿ’ ಎನ್ನುವುದು ತಲೆಕೆಳಗು ವಾದ. ಅಂಡ ಇಪ್ಪತ್ತೈದರದ್ದು, ಎರಡೂ ನಿಲ್ಲುವ ಸಾಧ್ಯತೆ ಜಾಸ್ತಿ; ಅದನ್ನು ಹೊರಬೇಕಾದ ದೇಹ ಮಾತ್ರ ನಲವತ್ತೈದರದ್ದು. ಒಂದೇ ಭ್ರೂಣ ಹಾಕಿದರೂ ಅದು ಒಳಗೆ ಒಡೆದು ಎರಡಾಗುವುದುಂಟು, ನೂರರಲ್ಲಿ ಒಂದೆರಡು ಸಲ.

ಇಲ್ಲೊಂದು ಪ್ರಶ್ನೆ ಏಳುತ್ತದೆ: ತಪ್ಪು ಚಿಕಿತ್ಸೆಯದ್ದೋ, ಅವಳಿಯದ್ದೋ? ‘ಟೆಸ್ಟ್ ಟ್ಯೂಬಿನ ಮಕ್ಕಳು ದುರ್ಬಲ’ ಎಂಬ ಗೊಣಗಾಟ ಊರಲ್ಲಿ ಇದ್ದೇ ಇದೆಯಲ್ಲ. 2004ರಲ್ಲಿ ನೆದರ್ಲೆಂಡ್ಸಿನ ಹೆಲ್ಮರ್‌ಹೋರ್ಸ್ಟ್ ಮತ್ತು ಸಂಗಡಿಗರು ಆವರೆಗಿನ ಅಧ್ಯಯನಗಳನ್ನು ಒಟ್ಟುಹಾಕಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೊಟ್ಟ ಉತ್ತರ ಇಂದಿಗೂ ಓದತಕ್ಕದ್ದು. ಒಂಟಿ ಮಗುವಿನ ಬಸಿರುಗಳಲ್ಲಿ, ಚಿಕಿತ್ಸೆಯಿಂದಾದವು ಸಹಜವಾಗಿ ಆದವುಗಳಿಗಿಂತ 37 ವಾರಕ್ಕೆ ಮೊದಲೇ ಮುಗಿಯುವ ಸಾಧ್ಯತೆ ಎರಡು ಪಟ್ಟು, 32 ವಾರಕ್ಕೆ ಮೊದಲು ಮುಗಿಯುವುದು ಮೂರು ಪಟ್ಟಿಗಿಂತ ತುಸು ಹೆಚ್ಚು. ಹಾಗಾದರೆ ಅವಳಿಗಳಲ್ಲಿ? ವ್ಯತ್ಯಾಸವೇ ಇಲ್ಲ ಎನ್ನುವಷ್ಟು ಕಡಿಮೆ.

ಇದನ್ನು ‘ಐವಿಎಫ್ ಅವಳಿಗೆ ಅಪಾಯವಿಲ್ಲ’ ಎಂದು ಓದಿಕೊಂಡರೆ ಕೆಟ್ಟೆವು. ಅವಳಿತನದ ಅಪಾಯವೇ ಎಷ್ಟು ದೊಡ್ಡದೆಂದರೆ ಚಿಕಿತ್ಸೆ ಸೇರಿಸುವ ಪಾಲು ಅದರಲ್ಲಿ ಕಾಣದೆ ಹೋಗುತ್ತದೆ. ಹೋಲಿಕೆಯಲ್ಲೂ ಒಂದು ಸೂಕ್ಷ್ಮವಿದೆ. ಸಹಜವಾಗಿ ಆಗುವ ಅವಳಿಗಳಲ್ಲಿ ಒಂದು ಪಾಲು ಒಂದೇ ಅಂಡ ಒಡೆದು ಆದ ತದ್ರೂಪಿಗಳು. ಇವುಗಳಲ್ಲಿ ಬಹಳಷ್ಟು ಒಂದೇ ಜರಾಯುವನ್ನು ಹಂಚಿಕೊಳ್ಳುತ್ತವೆ. ಒಂದರ ರಕ್ತ ಇನ್ನೊಂದಕ್ಕೆ ಹರಿದು ಎರಡೂ ಕಂಗೆಡುವಂಥ ತೊಡಕು ಬರುವುದು ಅಲ್ಲೇ. ಚಿಕಿತ್ಸೆಯ ಅವಳಿಗಳು ಹೆಚ್ಚಾಗಿ ಎರಡು ಬೇರೆ ಅಂಡಗಳವು, ಜರಾಯುವೂ ಬೇರೆ ಬೇರೆ. ಹೀಗಾಗಿ ಒಟ್ಟು ಲೆಕ್ಕದಲ್ಲಿ ಎರಡೂ ಸರಿಸಮ ಕಾಣುತ್ತವೆ. ಬೇರೆ ಜರಾಯುವಿನ ಅವಳಿಗಳನ್ನಷ್ಟೇ ಹೋಲಿಸಿದ ಅಧ್ಯಯನಗಳಲ್ಲಿ ಚಿಕಿತ್ಸೆಯವು ಸ್ವಲ್ಪ ಬೇಗ ಹುಟ್ಟುವುದು ಕಂಡಿದೆ. ತಾಯಿಯ ವಯಸ್ಸು, ಬಂಜೆತನಕ್ಕೆ ಕಾರಣವಾದ ಮೂಲ ತೊಂದರೆ, ‘ಅಮೂಲ್ಯ ಬಸಿರು’ ಎಂಬ ಭಯಕ್ಕೆ ಬೇಗ ಸಿಸೇರಿಯನ್ ಮಾಡಿಸುವುದು, ಎಲ್ಲವೂ ಅದರಲ್ಲಿವೆ. ಒಟ್ಟಿನಲ್ಲಿ ಊರಿನ ಗೊಣಗಾಟ ಟೆಸ್ಟ್ ಟ್ಯೂಬಿನ ಕಡೆ ತಿರುಗಿದೆ, ತಿರುಗಬೇಕಾದ್ದು ಎಣಿಕೆಯ ಕಡೆ.

2025ರಲ್ಲಿ ಕನ್ನಡದ ನಟಿ, ನೃತ್ಯ ಕಲಾವಿದೆ ಭಾವನಾ ರಾಮಣ್ಣ ತಾವು ಐವಿಎಫ್ ಮೂಲಕ ಅವಳಿಗಳ ತಾಯಿಯಾಗಲಿರುವುದಾಗಿ ಹೇಳಿಕೊಂಡಾಗ, ಒಂಟಿ ಮಹಿಳೆಗೂ ಕಾಯ್ದೆಯಲ್ಲಿ ಈ ಹಕ್ಕಿದೆ ಎಂದು ಎಷ್ಟೋ ಜನರಿಗೆ ಮೊದಲ ಬಾರಿ ಗೊತ್ತಾಯಿತು. ಕೆಲವೇ ವಾರಗಳಲ್ಲಿ ಇನ್ನೊಂದು ಸುದ್ದಿಯೂ ಬಂತು: ಅವಧಿಗೆ ಮೊದಲೇ ಹೆರಿಗೆ, ಎರಡು ಹೆಣ್ಣುಮಕ್ಕಳಲ್ಲಿ ಒಂದು ಉಳಿಯಲಿಲ್ಲ. ಅವರ ಸಂಕಟದ ಕಾರಣ ಕೆದಕುವ ಹಕ್ಕು ನಮಗಿಲ್ಲ. ಜಾಲತಾಣಗಳಲ್ಲಿ ಅದನ್ನೂ ಮಾಡಿದರು ಎಂಬುದು ನಾಚಿಕೆಯ ವಿಷಯ.

ಇಷ್ಟು ಹೊತ್ತು ಹೇಳಿದ್ದು ಇನ್ನೂ ನಿರ್ಧರಿಸದವರಿಗೆ. ಈಗಾಗಲೇ ಎರಡನ್ನು ಹೊತ್ತವರಿಗೆ ಬೇರೆ ಮಾತು ಬೇಕು. ಅವಳಿ ಬಸಿರಿನ ನೂರು ಹೆಂಗಸರಲ್ಲಿ ಸುಮಾರು 40 ಮಂದಿಗೆ 37 ವಾರಕ್ಕೆ ಮೊದಲು ತಾನಾಗಿ ಹೆರಿಗೆಯಾಗುವುದಿಲ್ಲ ಎಂಬುದೂ ಬ್ರಿಟನ್ನಿನ ಅದೇ ಅಂಕಿಯಲ್ಲಿದೆ. ಬೇಗ ಹುಟ್ಟುವವುಗಳಲ್ಲೂ ಬಹುಪಾಲು 34, 35, 36 ವಾರದವು. ಸ್ವಲ್ಪ ದಿನದ ಆರೈಕೆ ಸಿಕ್ಕರೆ ಮನೆಗೆ ಬರುತ್ತವೆ.

ಮೊದಲು ತಿಳಿಯಬೇಕಾದ್ದು ಜರಾಯು ಒಂದೋ ಎರಡೋ ಎಂಬುದು. 11ರಿಂದ 14 ವಾರದೊಳಗಿನ ಸ್ಕ್ಯಾನಿನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಆಮೇಲೆ ಹೇಳುವುದು ಕಷ್ಟ. ಒಂದೇ ಜರಾಯು ಇದ್ದರೆ 16 ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. 20 ವಾರದ ಹೊತ್ತಿಗೆ ಗರ್ಭಕಂಠದ ಉದ್ದ ಅಳೆಯುತ್ತಾರೆ. 25 ಮಿಲಿಮೀಟರಿಗಿಂತ ಗಿಡ್ಡವಾಗಿದ್ದರೆ ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಉಪಯೋಗಕ್ಕೆ ಬರಬಹುದು. ಎಲ್ಲ ಅವಳಿ ಬಸುರಿಯರಿಗೂ ಸುಮ್ಮನೆ ಕೊಟ್ಟರೆ ಪ್ರಯೋಜನವಿಲ್ಲ ಎಂದು ಬ್ರಿಟನ್ನಿನಲ್ಲಿ 500 ಮಹಿಳೆಯರ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಹಾಗೆಯೇ, ‘ಮಂಚದಿಂದ ಇಳಿಯಬೇಡ’ ಎಂಬ ಕಟ್ಟಪ್ಪಣೆ. ಪೂರ್ತಿ ಮಲಗಿಸಿಟ್ಟರೆ ಹೆರಿಗೆ ಮುಂದೆ ಹೋಗುತ್ತದೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ತಿಂಗಳುಗಟ್ಟಲೆ ಮಲಗಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಸಿಗುತ್ತದೆ. ಸಗಣಿ ಬುಟ್ಟಿ ಹೊರುವುದು ಬೇಡ, ತೋಟಕ್ಕೆ ಇಳಿದು ಹತ್ತುವುದು ಬೇಡ. ಅಂಗಳದಲ್ಲಿ ಓಡಾಡಿಕೊಂಡಿರಲಿ.

ಇನ್ನೊಂದು ನಂಬಿಕೆ ಇದಕ್ಕಿಂತ ಅಪಾಯದ್ದು. ಏಳರಲ್ಲಿ ಹುಟ್ಟಿದ್ದು ಉಳಿದೀತು, ಎಂಟರಲ್ಲಿ ಹುಟ್ಟಿದ್ದು ಉಳಿಯದು ಎನ್ನುತ್ತಾರೆ ಹಿರಿಯರು. ಗ್ರೀಕರ ಕಾಲದಲ್ಲೂ ಜನ ಹೀಗೆಯೇ ನಂಬಿದ್ದರಂತೆ, ಹಾಗಾಗಿ ನಮ್ಮವರನ್ನಷ್ಟೇ ಬೈಯುವುದು ಬೇಡ. ಸತ್ಯವೇನೆಂದರೆ ಒಳಗೆ ಕಳೆದ ಪ್ರತಿ ವಾರವೂ ಕೂಸಿಗೆ ಗಳಿಕೆಯೇ: 28ಕ್ಕಿಂತ 30 ಮೇಲು, 30ಕ್ಕಿಂತ 33. ಎಂಟನೇ ತಿಂಗಳಿನ ಕೂಸಿಗೆ ‘ಹೇಗೂ ಉಳಿಯದು’ ಎಂದು ಕೈಚೆಲ್ಲಿದರೆ ಉಳಿಯುವುದೂ ಉಳಿಯುವುದಿಲ್ಲ.

ಬೇಗ ಹೆರಿಗೆ ಖಚಿತ ಎನಿಸಿದಾಗ ನಿಜಕ್ಕೂ ಪ್ರಾಣ ಉಳಿಸುವುದು ತೀರಾ ಅಗ್ಗದ ಒಂದು ಹಳೆಯ ಔಷಧ. ನ್ಯೂಜಿಲೆಂಡಿನ ಲಿಗಿನ್ಸ್ ಎಂಬ ವೈದ್ಯರು ಕುರಿಗಳ ಮೇಲೆ ಪ್ರಯೋಗ ಮಾಡುವಾಗ, ಸ್ಟೆರಾಯ್ಡ್ ಪಡೆದ ದಿನ ತುಂಬದ ಕುರಿಮರಿ ಉಸಿರಾಡುತ್ತಿರುವುದನ್ನು ಕಂಡರು. ಅವರೂ ಹೋವಿಯವರೂ ಸೇರಿ 1972ರಲ್ಲಿ ಮನುಷ್ಯರಲ್ಲೂ ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು. ತಾಯಿಗೆ ಚುಚ್ಚಿದ ಇಂಜೆಕ್ಷನ್ ಕೂಸಿನ ಶ್ವಾಸಕೋಶವನ್ನು ಒಂದೆರಡು ದಿನದಲ್ಲಿ ಬಲಿಸುತ್ತದೆ. ಬಡ ದೇಶಗಳಲ್ಲಿ ಇದು ಫಲಿಸುತ್ತದೆಯೇ ಎಂಬ ವಾದಕ್ಕೆ ಉತ್ತರ ಹುಡುಕಿದವರಲ್ಲಿ ನಮ್ಮ ಬೆಳಗಾವಿಯವರೂ ಇದ್ದಾರೆ. ಅಲ್ಲಿನ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಸೇರಿ ಐದು ದೇಶಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2,852 ಮಹಿಳೆಯರ ಮೇಲೆ ನಡೆಸಿದ ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಪಡೆದವರ ಮಕ್ಕಳಲ್ಲಿ ಮೊದಲ 28 ದಿನದಲ್ಲಿ ತೀರಿಕೊಂಡವು ನೂರಕ್ಕೆ 19.6, ಪಡೆಯದವರಲ್ಲಿ 23.5. ಆ ಪ್ರಯೋಗದಲ್ಲಿ ಬಸಿರಿನ ವಾರವನ್ನು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡಿದ್ದರು, ಹೆರಿಗೆ ಆಸ್ಪತ್ರೆಯಲ್ಲೇ ಆಗಿತ್ತು. ಇದಕ್ಕೂ ಮೊದಲು, 2015ರಲ್ಲಿ ಬಂದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ ಹಳ್ಳಿಗಳ ಮಟ್ಟದಲ್ಲಿ ಅಂದಾಜಿನ ಮೇಲೆ ಸ್ಟೆರಾಯ್ಡ್ ಕೊಟ್ಟಾಗ ಲಾಭವಾಗಿರಲಿಲ್ಲ. ಅಂದರೆ ವಾರ ಸರಿಯಾಗಿ ಗೊತ್ತಿರಬೇಕು. ಈ ಒಂದು ವಿಷಯದಲ್ಲಿ ಐವಿಎಫ್ ತಾಯಂದಿರು ಅದೃಷ್ಟವಂತರು: ಭ್ರೂಣ ಹಾಕಿದ ದಿನಾಂಕ ಫೈಲಿನಲ್ಲೇ ಇದೆ, ಬಸಿರಿಗೆ ಎಷ್ಟು ವಾರ ಎಷ್ಟು ದಿನ ಎಂದು ಲೆಕ್ಕ ಹಾಕಿ ಹೇಳಬಹುದು.

ಆ ಫೈಲು ಎಲ್ಲಿದೆ ಎಂಬುದೇ ನಮ್ಮ ಕಡೆಯ ದೊಡ್ಡ ತೊಡಕು. ಚಿಕಿತ್ಸೆಯ ವಿಷಯ ಯಾರಿಗೂ ಗೊತ್ತಾಗಬಾರದೆಂದು ಅದು ಕಪಾಟಿನ ಸೀರೆಗಳ ಅಡಿಯಲ್ಲಿರುತ್ತದೆ. ಆಶಾ ಕಾರ್ಯಕರ್ತೆಗೆ ಹೇಳಿರುವುದಿಲ್ಲ, ತಾಯಿ ಕಾರ್ಡಿನಲ್ಲಿ ಬರೆಸಿರುವುದಿಲ್ಲ, ಹತ್ತಿರದ ವೈದ್ಯರಿಗೆ ‘ಹುಬ್ಬಳ್ಳಿಯಲ್ಲಿ ತೋರಿಸುತ್ತಿದ್ದೇವೆ’ ಎಂದಷ್ಟೇ ಗೊತ್ತು. ರಾತ್ರಿ ಎರಡಕ್ಕೆ ನೀರು ಒಡೆದು ತಾಲೂಕು ಆಸ್ಪತ್ರೆಗೆ ಓಡಿದಾಗ, ಡ್ಯೂಟಿಯಲ್ಲಿರುವ ವೈದ್ಯರು ವಾರ ಎಷ್ಟು, ಜರಾಯು ಎಷ್ಟು, ಯಾವ ಇಂಜೆಕ್ಷನ್ ಆಗಿದೆ ಎಂದು ಕೇಳಿದರೆ ಗಂಡ ಹೆಂಡತಿಯ ಮುಖ ನೋಡುತ್ತಾನೆ. ಮಕ್ಕಳಾಗದಿರುವುದು ಹೇಳಬಾರದ ವಿಷಯ ಎಂಬ ನಮ್ಮ ನಾಚಿಕೆ ಆ ಹೊತ್ತಿಗೆ ಒಂದು ತಾಸು ತಿನ್ನುತ್ತದೆ. ಊರಿಗೆಲ್ಲ ಡಂಗುರ ಸಾರಬೇಕಿಲ್ಲ. ಆಶಾಗೆ ಮತ್ತು ಹತ್ತಿರದ ಒಬ್ಬ ವೈದ್ಯರಿಗೆ ಗೊತ್ತಿರಲಿ, ಫೈಲಿನ ಫೋಟೊ ಮನೆಯ ಇಬ್ಬರ ಮೊಬೈಲಿನಲ್ಲಿರಲಿ.

ಎಲ್ಲಿ ಹೆರಿಗೆ ಎಂಬುದನ್ನು ಐದನೇ ತಿಂಗಳಲ್ಲೇ ತೀರ್ಮಾನಿಸಬೇಕು. ಶಿರಸಿಯಲ್ಲಿ ಪಂಡಿತ ಸಾರ್ವಜನಿಕ ಆಸ್ಪತ್ರೆಯಿದೆ, ಖಾಸಗಿ ಆಸ್ಪತ್ರೆಗಳಿವೆ, ಸಿಸೇರಿಯನ್ನು ನಿತ್ಯದ ಕೆಲಸ. 35 ವಾರದ ಅವಳಿಗೆ ಬೇಕಾದ್ದು ಹತ್ತಿರದಲ್ಲೇ ಸಿಗಬಹುದು. 29 ವಾರದ ಎರಡು ಕೂಸಿಗೆ ಬೇಕಾದ್ದು ಬೇರೆ: ಎರಡು ಉಸಿರಾಟದ ಯಂತ್ರ, ಶ್ವಾಸಕೋಶ ಅರಳಿಸುವ ಸರ್ಫ್ಯಾಕ್ಟೆಂಟ್ ಔಷಧ, ಹಗಲು ರಾತ್ರಿ ನವಜಾತ ಶಿಶು ತಜ್ಞರು. ಅದಕ್ಕೆ ಹುಬ್ಬಳ್ಳಿ, ಧಾರವಾಡ, ಶಿವಮೊಗ್ಗ, ಮಣಿಪಾಲ ಎಂದು ಬರೆದುಕೊಡುತ್ತಾರೆ. ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಎಂದು ಉತ್ತರ ಕನ್ನಡದವರು 2019ರಲ್ಲಿ ಟ್ವಿಟರಿನಲ್ಲಿ ಕೂಗಿದರು. 2022ರಲ್ಲಿ ಶಿರೂರು ಟೋಲ್ ಗೇಟಿನಲ್ಲಿ ಹೊನ್ನಾವರದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಪಲ್ಟಿಯಾದ ಮೇಲೆ ಬೀದಿಗಿಳಿದು ಕೂಗಿದರು. ಆ ಕೂಗು ನಿಲ್ಲಬಾರದು. ಆದರೆ ಈ ವರ್ಷದ ಬಸುರಿ ಅದು ಈಡೇರುವ ತನಕ ಕಾಯುವಂತಿಲ್ಲವಲ್ಲ.

ದಿನ ತುಂಬದ ಕೂಸನ್ನು ಸಾಗಿಸಲು ತಾಯಿಯ ಹೊಟ್ಟೆಗಿಂತ ಒಳ್ಳೆಯ ವಾಹನವಿಲ್ಲ. ಹುಟ್ಟಿದ ಮೇಲೆ ಸಾಗಿಸಿದರೆ ದಾರಿಯಲ್ಲಿ ಮೈ ತಣ್ಣಗಾಗುತ್ತದೆ, ಸಕ್ಕರೆ ಇಳಿಯುತ್ತದೆ, ಉಸಿರು ತಪ್ಪುತ್ತದೆ. ಹಾಗಾಗಿ ನೋವು ಶುರುವಾಗಿದ್ದರೂ ಸಮಯವಿದೆ ಎಂದು ವೈದ್ಯರು ಹೇಳಿದರೆ, ಸ್ಟೆರಾಯ್ಡಿನ ಮೊದಲ ಡೋಸ್ ಇಲ್ಲೇ ಹಾಕಿಸಿಕೊಂಡು ತಾಯಿಯನ್ನೇ ಸಾಗಿಸುವುದು ಸರಿಯಾದ ಕ್ರಮ. ಹೆರಿಗೆ ನೋವನ್ನು ತಡೆಹಿಡಿಯುವ ಮಾತ್ರೆ ಹೆರಿಗೆಯನ್ನು ವಾರಗಟ್ಟಲೆ ಮುಂದೂಡುವುದಿಲ್ಲ. ಸ್ಟೆರಾಯ್ಡ್ ಕೆಲಸ ಮಾಡಲು, ಊರು ಬದಲಿಸಲು ಬೇಕಾದ ಒಂದೆರಡು ದಿನ ಕೊಟ್ಟರೆ ಅಷ್ಟೇ ಸಾಕು. ಇದಕ್ಕೆ ನೋವನ್ನು ಬೇಗ ಗುರುತಿಸಬೇಕು. ಹತ್ತು ನಿಮಿಷಕ್ಕೊಮ್ಮೆ ಹೊಟ್ಟೆ ಬಿಗಿಯುವುದು, ಸೊಂಟದಿಂದ ಕೆಳಕ್ಕೆ ಜಗ್ಗುವುದು, ಸೋರುವ ನೀರು, ರಕ್ತದ ಕಲೆ, ಕಣ್ಣು ಮಂಜಾಗುವ ತಲೆನೋವು ಕಂಡರೆ ‘ವಾಯು ಇರಬೇಕು’ ಎಂದು ಜೀರಿಗೆ ಕಷಾಯ ಕುಡಿಸಿ ಬೆಳಗಾಗಲಿ ಎಂದು ಕೂರಬಾರದು.

ಸೀಮಂತ ಮುಗಿಸಿ ತವರಿಗೆ ಕಳಿಸುವ ಪದ್ಧತಿಯನ್ನೂ ಅವಳಿ ಬಸಿರಿನಲ್ಲಿ ಕೊಂಚ ಯೋಚಿಸಬೇಕು. ತವರು ಯಲ್ಲಾಪುರದ ಯಾವುದೋ ಕೊಳ್ಳದಲ್ಲಿದ್ದು, ಏಳನೇ ತಿಂಗಳು ಆಷಾಢಕ್ಕೆ ಬಿದ್ದು, ಮನೆಗೂ ರಸ್ತೆಗೂ ನಡುವೆ ಕಾಲುಸಂಕವಿದ್ದು, ಕರೆಂಟು ಹೋದರೆ ಮೊಬೈಲ್ ಟವರೂ ಹೋಗುವ ಜಾಗವಾಗಿದ್ದರೆ, ಅಮ್ಮನೇ ಮಗಳಿರುವಲ್ಲಿಗೆ ಬರುವುದು ಒಳ್ಳೆಯದು. 28 ವಾರದ ನಂತರ ಪೇಟೆಯಲ್ಲಿ ನೆಂಟರ ಮನೆಯಲ್ಲೋ ಬಾಡಿಗೆ ಕೋಣೆಯಲ್ಲೋ ಇರುವವರನ್ನು ‘ಅತಿ ಮಾಡುತ್ತಾರೆ’ ಎಂದು ಆಡಿಕೊಳ್ಳುವುದನ್ನು ಊರವರು ಬಿಡಬೇಕು.

ಹುಟ್ಟಿದ ಮೇಲಿನ ಕತೆಯಲ್ಲಿ ಯಂತ್ರಕ್ಕಿಂತ ಎದೆಗೆ ಹೆಚ್ಚು ಕೆಲಸ.  1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಕಂಗಾಲಾದ ವೈದ್ಯರು ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿ ನೋಡಿದರು. ಕಾಂಗರೂ ಆರೈಕೆ ಶುರುವಾದದ್ದು ಹಾಗೆ. ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, 1ರಿಂದ 1.8 ಕಿಲೋ ತೂಕದ ಕೂಸುಗಳಿಗೆ ಹುಟ್ಟಿದ ಕೂಡಲೇ ಇದನ್ನು ಶುರುಮಾಡಿದಾಗ ಸಾವು ನೂರಕ್ಕೆ 15.7ರಿಂದ 12ಕ್ಕೆ ಇಳಿಯಿತು. ಅವಳಿಯಾದರೆ ಎದೆಗಳೂ ಎರಡು ಬೇಕು. ಅಪ್ಪನದ್ದು, ಅಜ್ಜಿಯದ್ದು ಯಾವುದಾದರೂ ಆದೀತು. ಬಾಣಂತಿ ಕೋಣೆಗೆ ಗಂಡಸರು ಬರಬಾರದು ಎಂಬ ನಿಯಮಕ್ಕೆ ಒಂದೆರಡು ತಿಂಗಳು ರಜೆ ಕೊಟ್ಟರೆ ಆಯಿತು.

ಮನೆಗೆ ಬಂದ ಖುಷಿಯಲ್ಲಿ ಮರೆತುಹೋಗುವುದು ಕಣ್ಣಿನ ಪರೀಕ್ಷೆ. 34 ವಾರಕ್ಕೆ ಮೊದಲು ಅಥವಾ 2 ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಕಣ್ಣಿನ ಪರದೆಯಲ್ಲಿ ರಕ್ತನಾಳಗಳು ಅಡ್ಡಾದಿಡ್ಡಿ ಬೆಳೆದು ಕುರುಡಾಗುವ ರೋಗವೊಂದಿದೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹುಟ್ಟಿ 30 ದಿನದೊಳಗೆ ಪರೀಕ್ಷಿಸಿ, ಬೇಕಾದರೆ ಲೇಸರ್ ಮಾಡಿದರೆ ಕಣ್ಣು ಉಳಿಯುತ್ತದೆ. ತೀರಾ ಬೇಗ ಹುಟ್ಟಿದ್ದಾದರೆ ಎರಡು ಮೂರು ವಾರಕ್ಕೇ ನೋಡಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿಣೇಕರ್ 2008ರಲ್ಲಿ ಶುರುಮಾಡಿದ ಕಿಡ್‌ರಾಪ್ ಯೋಜನೆಯಲ್ಲಿ ತಂತ್ರಜ್ಞರೇ ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗಳಿಗೆ ಹೋಗಿ, ಪುಟ್ಟ ಕಣ್ಣುಗಳ ಚಿತ್ರ ತೆಗೆದು ದೂರದ ತಜ್ಞರಿಗೆ ಕಳಿಸುತ್ತಾರೆ. ಆಸ್ಪತ್ರೆಯಿಂದ ಬಿಡುವಾಗ ಕಣ್ಣಿನ ತಪಾಸಣೆಯ ದಿನಾಂಕ ಬರೆಸಿಕೊಳ್ಳದೆ ಹೊರಡಬೇಡಿ. ಎರಡೂ ಕೂಸಿನದ್ದು ಬೇರೆ ಬೇರೆಯಾಗಿ ಬರೆಸಿ.

ಆಮೇಲೆ ಶುರುವಾಗುವುದು ನೆಂಟರ ಹೋಲಿಕೆ. ಆಚೆ ಮನೆಯ ಮಗು ಅಂಬೆಗಾಲಿಕ್ಕಿತು, ಇವಿನ್ನೂ ಕೂರುತ್ತಿಲ್ಲ ಎಂದು. ಎಂಟು ವಾರ ಮೊದಲೇ ಹುಟ್ಟಿದ ಕೂಸಿನ ಆರು ತಿಂಗಳು ಬೆಳವಣಿಗೆಯ ಲೆಕ್ಕದಲ್ಲಿ ನಾಲ್ಕೇ ತಿಂಗಳು; ಎರಡು ವರ್ಷ ತುಂಬುವ ತನಕ ಹೀಗೆ ಕಳೆದೇ ಎಣಿಸಬೇಕು. ಲಸಿಕೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಅದನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸುವುದು.